ಕುಲಾವಿ ತೊಟ್ಟ ಕಲ್ಲು

ಒಂದಾನೊಂದು ಕಾಲದಲ್ಲಿ, ಏಳು ಬೆಟ್ಟಗಳ ನಡುವೆ, ತಾಳೆಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಹುಟ್ಟಿದ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ಒಂದು ಶಕ್ತಿ ಇರುತ್ತಿತ್ತು. ಆಟದಲ್ಲಿ ಅವರು ಒಂದು ವಸ್ತುವನ್ನು ಏನೆಂದು ನಂಬುತ್ತಾರೋ, ಆಟ ಮುಗಿಯುವವರೆಗೆ ಆ ವಸ್ತು ಅದೇ ಆಗಿರುತ್ತಿತ್ತು. ಕೋಲು ಕುದುರೆಯಾಗಿ ಹುಲ್ಲು ಮೇಯುತ್ತಿತ್ತು. ಮುತ್ತುಗದ ಎಲೆ ರೊಟ್ಟಿಯಾಗಿ ಘಮಘಮಿಸುತ್ತಿತ್ತು. ಆದರೆ ಅಷ್ಟು ಎಳೆಯ ಮಕ್ಕಳಿಗೆ ಆಟ ಹೂಡಲು ಬರುವುದಿಲ್ಲ. ಹೂಡುವವರು ಅಕ್ಕಂದಿರು, ಅಣ್ಣಂದಿರು. ದೊಡ್ಡವರು ಹೂಡಿ ಚಿಕ್ಕವರು ನಂಬಿದಾಗ ಮಾತ್ರ ಕೋಲಿಗೆ ಕಾಲು ಮೂಡುತ್ತಿತ್ತು. ಇದನ್ನು ಆ ನಾಡಿನಲ್ಲಿ ಯಾರೂ ಪವಾಡವೆಂದು ಕರೆಯುತ್ತಿರಲಿಲ್ಲ. ಊಟದ ಹೊತ್ತಿಗೆ 'ಆಟ ಸಾಕು, ಕುದುರೆಯನ್ನು ಮೂಲೆಗಿಡಿ' ಎಂದು ತಾಯಂದಿರು ಗದರುತ್ತಿದ್ದರು. ಕುದುರೆ ಮರಳಿ ಕೋಲಾಗುತ್ತಿತ್ತು.

ಆ ರಾಜ್ಯವನ್ನು ಭಂಡಿದೇವನೆಂಬ ಅರಸ ಆಳುತ್ತಿದ್ದ. ಒಂದು ದಿನ ಒಡ್ಡೋಲಗದಲ್ಲಿ ವರ್ತಕನ ಮಗಳೊಬ್ಬಳು ಅಳುತ್ತಿದ್ದ ತಮ್ಮನನ್ನು ಸುಮ್ಮನಿರಿಸಲು ಸಿಂಹಾಸನದ ಕಡೆಗೆ ಬೆರಳು ತೋರಿ, 'ನೋಡಲ್ಲಿ, ಕತ್ತೆ' ಎಂದಳು. ತಮ್ಮ ನೋಡಿದ, ನಂಬಿದ. ಸಿಂಹಾಸನ ಎರಡು ಸಲ ಅರಚಿ, ಅರಸನನ್ನು ಕೆಡವಿ, ಮಂಟಪದ ಹೂಮಾಲೆಯನ್ನು ತಿನ್ನತೊಡಗಿತು. ಅರಸನ ಎರಡು ಹಲ್ಲು ಮುರಿದವು. ಸಭೆ ನಕ್ಕಿತು. ಹಲ್ಲು ಹೋದದ್ದನ್ನು ಭಂಡಿದೇವ ಮರೆಯಬಲ್ಲವನಾಗಿದ್ದ. ಸಭೆ ನಕ್ಕದ್ದನ್ನು ಮರೆಯಲಾರದೆ ಹೋದ.

ಮೂರನೆಯ ದಿನ ಖಚಿತಾಕ್ಷನೆಂಬ ಮಾಂತ್ರಿಕ ಅರಮನೆಗೆ ಬಂದ. ತೆಳ್ಳಗಿನವನು, ಶುಭ್ರ ವಸ್ತ್ರದವನು. ಮಾತಿನಲ್ಲಿ ಒಂದು ಅಕ್ಷರವೂ ಹೆಚ್ಚಿಲ್ಲ, ಕಡಿಮೆಯಿಲ್ಲ.

'ಪ್ರಭು, ನಿಮ್ಮ ಪ್ರಜೆಗಳು ಇಲ್ಲದ್ದನ್ನು ಇದೆ ಎನ್ನುತ್ತಾರೆ. ಇದು ರೋಗ. ಮದ್ದು ನನ್ನಲ್ಲಿದೆ' ಎಂದ.

ಅವನು ಏಳನೆಯ ಬೆಟ್ಟದ ತುದಿಗೆ ಹೋಗಿ ತನ್ನ ಎದೆಯಿಂದ ಹೃದಯವನ್ನು ಹೊರತೆಗೆದ. ಅದನ್ನು ಕರಿಯ ಗುಂಡುಕಲ್ಲಾಗಿ ಮಾಡಿ ನೆಲದ ಮೇಲಿಟ್ಟು, 'ಈ ಕಲ್ಲು ಹೇಗೋ ನಾನೂ ಹಾಗೆ. ಇದಕ್ಕೆ ಮುಪ್ಪಿಲ್ಲ, ನನಗೂ ಇಲ್ಲ. ಇದು ಒಡೆಯದು, ನಾನೂ ಅಳಿಯೆ' ಎಂದು ಮಂತ್ರ ಕಟ್ಟಿದ. ಆ ಕಲ್ಲಿನಿಂದ ದಿನವೂ ತಣ್ಣಗಿನ ಹನಿಗಳು ಜಿನುಗಿದವು. ಅವುಗಳಿಗೆ ನಿಜಬಿಂದು ಎಂದು ಹೆಸರಿಟ್ಟ. ಒಂದು ಹನಿ ನಾಲಿಗೆಗೆ ಬಿದ್ದರೆ ಸಾಕು, ಆ ಮನುಷ್ಯ ಬದುಕಿರುವಷ್ಟು ಕಾಲ ಇದ್ದದ್ದನ್ನು ಮಾತ್ರ ಹೇಳಬಲ್ಲ. ಬೇರೆ ಹೇಳಿದರೆ ಮರುದಿನ ಬೆಳಗಾಗುವವರೆಗೆ ನಾಲಿಗೆ ಕಲ್ಲಾಗುತ್ತದೆ.

ಅರಸನ ಆಜ್ಞೆಯಂತೆ ಎಲ್ಲರೂ ಹನಿ ಕುಡಿದರು. ಮಕ್ಕಳಿಗೆ ಮೂರು ತುಂಬಿದ ದಿನವೇ ಕುಡಿಸಬೇಕೆಂದು ನಿಯಮವಾಯಿತು. ಕಳ್ಳರು ಸಿಕ್ಕಿಬಿದ್ದರು, ಹಾಲಿಗೆ ನೀರು ಬೆರೆಸುವುದು ನಿಂತಿತು. ಇಷ್ಟು ಒಳ್ಳೆಯದನ್ನು ಒಪ್ಪಲೇಬೇಕು. ಆದರೆ ಚಂದ್ರನನ್ನು ಮಾಮ ಎಂದ ತಾಯಂದಿರು ಒಂದೊಂದು ದಿನ ಮೂಕರಾದರು. ಜೋಗುಳಗಳು ಒಂದೊಂದಾಗಿ ನಿಂತವು, ಏಕೆಂದರೆ ಯಾವ ಕೂಸೂ ನಿಜವಾಗಿ ಮುತ್ತಲ್ಲ, ಯಾವ ಕೂಸೂ ನಿಜವಾಗಿ ಬಂಗಾರವಲ್ಲ. ಅಕ್ಕಂದಿರು ಆಟ ಹೂಡುವುದನ್ನು ಬಿಟ್ಟರು. ಕೋಲುಗಳು ಕೋಲುಗಳಾಗಿಯೇ ಉಳಿದವು. ಹೀಗೆ ಹದಿನೈದು ವರ್ಷ ಕಳೆಯಿತು. ಖಚಿತಾಕ್ಷ ಮಹಾಪರೀಕ್ಷಕನೆಂಬ ಪದವಿಯಲ್ಲಿ ಕುಳಿತು, ಒಂದು ಕೂದಲೂ ನರೆಯದೆ, ನಾಡನ್ನು ತಿದ್ದುತ್ತಿದ್ದ.

ರಾಜಧಾನಿಯ ಹೊರಗೆ ಮೇದಾರರ ಕೇರಿ ಇತ್ತು. ಅಲ್ಲಿ ಸಿರಿಯವ್ವ ಎಂಬ ಹೆಂಗಸು ಬಿದಿರು ಸೀಳಿ ಬುಟ್ಟಿ, ಮೊರ, ತೊಟ್ಟಿಲು ಹೆಣೆಯುತ್ತಿದ್ದಳು. ಅವಳ ಗಂಡ ಬಿದಿರಿಗೆಂದು ಕಾಡಿಗೆ ಹೋದರೆ ತಿಂಗಳ ನಂತರ ಬರುತ್ತಿದ್ದ. ಮಗಳು ಕೇತವ್ವನಿಗೆ ಹನ್ನೊಂದು ವರ್ಷ. ಮಗ ಮಾಚನಿಗೆ ಮೂರು ತುಂಬಲು ಇನ್ನು ನಾಲ್ಕೇ ದಿನ. ಸಿರಿಯವ್ವ ಹೆಣಿಗೆಗೆ ಕುಳಿತರೆ ಮಾಚನನ್ನು ನೋಡಿಕೊಳ್ಳುವ ಕೆಲಸ ಕೇತವ್ವನದು.

ಕೇತವ್ವನೂ ಹನಿ ಕುಡಿದವಳೇ. ಆದರೆ ಇಡೀ ದಿನ ಮಗುವಿನೊಂದಿಗೆ ಕಳೆಯುವವರಿಗೆ ಕೆಲವು ಸಂಗತಿಗಳು ತಾವಾಗಿ ಗೊತ್ತಾಗುತ್ತವೆ. ಹನಿ ಹಿಡಿದಿರುವುದು ನಾಲಿಗೆಯನ್ನು, ಕೈಯನ್ನಲ್ಲ. ಖಾಲಿ ಚಿಪ್ಪನ್ನು ತುಟಿಗೆ ಹಚ್ಚಿ ಸೊರ್ ಎಂದು ಸದ್ದು ಮಾಡಿದರೆ ಅದು ಸುಳ್ಳಲ್ಲ, ಬರೀ ಸದ್ದು. 'ಇದೇನು ಮಾಚ?' ಎಂದು ಕೇಳಿದರೆ ಅದೂ ಸುಳ್ಳಲ್ಲ, ಪ್ರಶ್ನೆ ಸುಳ್ಳಾಗಲಾರದು. ಹುಬ್ಬುಗಳನ್ನು ಹಣೆಯ ತುದಿಗೆ ಏರಿಸಿದರೆ ಇದು ಆಟವೆಂದು ಮಾಚನಿಗೆ ಹೇಳದೆಯೇ ತಿಳಿಯುತ್ತಿತ್ತು. ಹೀಗೆ, ಬಾಗಿಲು ಹಾಕಿದ ಮನೆಯೊಳಗೆ, ಚಿಪ್ಪು ಹಾಲಿನ ಬಟ್ಟಲಾಗುತ್ತಿತ್ತು. ಕಸಬರಿಗೆ ನವಿಲಾಗಿ ಗರಿ ಬಿಚ್ಚುತ್ತಿತ್ತು. ಬೇರೆ ಮನೆಗಳಲ್ಲಿಯೂ ಹೀಗೆ ನಡೆದಿರಬಹುದು. ಕೇಳದ ಪ್ರಶ್ನೆಗೆ ಉತ್ತರಿಸಬೇಕೆಂದು ಹನಿ ಬಲವಂತ ಮಾಡುತ್ತಿರಲಿಲ್ಲ.

ಆ ತಿಂಗಳು ಪಕ್ಕದ ಮನೆಯಲ್ಲಿ ತೊಟ್ಟಿಲ ಶಾಸ್ತ್ರ ನಡೆಯಿತು. ಅಲ್ಲಿನ ಪದ್ಧತಿ ಹೀಗೆ: ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಒರಳಿನ ಗುಂಡುಕಲ್ಲನ್ನು ತೊಳೆದು, ಅರಿಶಿನ ಹಚ್ಚಿ, ತಲೆಗೆ ಕುಲಾವಿ ಕಟ್ಟಿ, ತೊಟ್ಟಿಲ ಆಚೆ ಒಬ್ಬಳು ಈಚೆ ಒಬ್ಬಳು ನಿಂತು ಅಡಿಯಿಂದ ಮೂರು ಸಲ ದಾಟಿಸುತ್ತಾರೆ. 'ಕೂಸು ಕೊಡಿ', 'ಕೂಸು ತಗೊಳ್ಳಿ' ಎಂದು ಹಿಂದೆ ಹೇಳುತ್ತಿದ್ದರು. ಈಗ ಬಾಯಿ ಮುಚ್ಚಿಕೊಂಡು ದಾಟಿಸುತ್ತಿದ್ದರು. ಖಚಿತಾಕ್ಷ ಇದನ್ನು ನಿಷೇಧಿಸಿರಲಿಲ್ಲ. ತೊಟ್ಟಿಲ ಸುತ್ತ ಹೆಂಗಸರು ಏನು ಮಾಡುತ್ತಾರೆಂಬುದು ಪರೀಕ್ಷೆಗೆ ಯೋಗ್ಯವಾದ ವಿಷಯವೆಂದು ಅವನಿಗೆ ಅನ್ನಿಸಿರಲಿಲ್ಲ.

ಅಕ್ಕನ ಸೊಂಟದ ಮೇಲೆ ಕುಳಿತು ನೋಡುತ್ತಿದ್ದ ಮಾಚ ಕೇಳಿದ: 'ಕಲ್ಲು ಕೂಸಾ?'

ಹೆಂಗಸರು ನೆಲ ನೋಡಿದರು. ಯಾರೂ ಉತ್ತರಿಸಲಿಲ್ಲ. ಮಾಚ ಆ ಪ್ರಶ್ನೆಯನ್ನು ಹಾಗೆಯೇ ಮನೆಗೆ ತಂದ.

ಮರುದಿನ ಬೆಳಿಗ್ಗೆ ತಾಮ್ರದ ಕೊಕ್ಕಿನ ಕಾಗೆಯೊಂದು ಸಿರಿಯವ್ವನ ಅಂಗಳದ ಬಿದಿರಿನ ಮೇಲೆ ಬಂದು ಕುಳಿತಿತು. ಅದು ಮಹಾಪರೀಕ್ಷಕನ ದೂತ.

'ಸಿರಿಯವ್ವನ ಮಗ ಮಾಚ. ಬರುವ ಗುರುವಾರ ನಡುಹಗಲಿಗೆ ಮೂರು ವರ್ಷ. ಹನಿಗೆ ಹಾಜರಾಗತಕ್ಕದ್ದು' ಎಂದಿತು ಕಾಗೆ.

ಸಿರಿಯವ್ವನ ಕೈಯಲ್ಲಿದ್ದ ಬಿದಿರಿನ ಸೀಳು ನಿಂತಿತು. ಕೇತವ್ವ ಅಂಗಳಕ್ಕೆ ಬಂದಳು.

'ಹನಿ ಎಲ್ಲಿಂದ ಬರುತ್ತೆ?'

ಕಾಗೆಯೂ ಹನಿ ಕುಡಿದದ್ದೇ. 'ಏಳನೇ ಬೆಟ್ಟದ ತುದಿಯ ಕಲ್ಲಿನಿಂದ.'

'ಆ ಕಲ್ಲು ಇಲ್ಲದೇ ಹೋದ್ರೆ?'

'ಹನಿ ಇಲ್ಲ. ಕುಡಿದ ಹನಿಯೂ ಆರಿಹೋಗುತ್ತೆ.'

'ಇಷ್ಟು ಸುಲಭವಾಗಿ ಹೇಳ್ತೀಯಲ್ಲ. ಹದಿನೈದು ವರ್ಷದಿಂದ ಯಾಕೆ ಯಾರಿಗೂ ಹೇಳಿಲ್ಲ?'

'ಯಾರೂ ಕೇಳಲಿಲ್ಲ' ಎಂದು ಕಾಗೆ ಹಾರಿಹೋಯಿತು.

ಕೇತವ್ವ ತಮ್ಮನ ಕಡೆ ನೋಡಿದಳು. ಅವನು ಮೊರದ ಕೆಳಗೆ ಅಡಗಿ ಕುಳಿತು ಯಾರಾದರೂ ಹುಡುಕಲಿ ಎಂದು ಕಾಯುತ್ತಿದ್ದ. ಗುರುವಾರದ ನಂತರ ಅವನು ಮೊರದ ಕೆಳಗೆ ಅಡಗುವುದಿಲ್ಲ. ಮೊರ ಕಾಳು ಕೇರುವ ಸಾಧನವೆಂದು ಹೇಳುತ್ತಾನೆ, ಸರಿಯಾಗಿ ಹೇಳುತ್ತಾನೆ. ತನಗೂ ಹಾಗೆಯೇ ಆಗಿತ್ತು. ಮೂರು ತುಂಬಿದ ದಿನದ ನಂತರ ತಾನು ನಕ್ಕದ್ದು ಅವಳಿಗೆ ಮತ್ತೆ ನೆನಪಿರುವುದು ಎಂಟನೆಯ ವಯಸ್ಸಿನಲ್ಲಿ, ಮಾಚ ಹುಟ್ಟಿದ ಮೇಲೆ.

'ಅವ್ವ, ನಾನು ಬೆಟ್ಟಕ್ಕೆ ಹೋಗ್ತೀನಿ. ಇವನನ್ನೂ ಕರ್ಕೊಂಡು.'

ಬೇರೆ ನಾಡಿನ ತಾಯಿಯಾಗಿದ್ದರೆ 'ಏನೂ ಆಗಲ್ಲ, ಹೋಗಿ ಬಾ' ಎನ್ನುತ್ತಿದ್ದಳು. ಸಿರಿಯವ್ವನಿಗೆ ಆ ಮಾತು ಆಡಲು ಬರುತ್ತಿರಲಿಲ್ಲ. 'ನನಗೆ ಭಯ ಆಗ್ತಿದೆ. ಹೋಗು' ಎಂದಳು. ಬೆನ್ನಿಗೆ ಹೊರುವ ದೊಡ್ಡ ಬುಟ್ಟಿಯೊಂದನ್ನು ಕೊಟ್ಟು, ಅದರಲ್ಲಿ ಐದು ರೊಟ್ಟಿ, ಒಂದು ಸೌಟು, ಒಂದು ತೆಂಗಿನ ಚಿಪ್ಪು ಇಟ್ಟಳು. ಮಾಚನ ತಲೆಯ ಕುಲಾವಿಯನ್ನು ಬಿಚ್ಚಲು ಹೋದಳು. ಅದು ಅವನು ಕೂಸಾಗಿದ್ದಾಗಿನದು, ಈಗ ಕಿವಿಯ ಮೇಲೇ ನಿಲ್ಲುತ್ತಿತ್ತು.

'ಬಿಚ್ಚಲ್ಲ' ಎಂದ ಮಾಚ.

'ಚಿಕ್ಕದಾಗಿದೆ ಕಣೋ.'

'ತಲೆ ಚಿಕ್ಕದು ಮಾಡ್ತೀನಿ.'

ಸಿರಿಯವ್ವ ಅದನ್ನು ಹಾಗೆಯೇ ಬಿಟ್ಟಳು.

ಎರಡು ದಿನ ನಡೆದ ಮೇಲೆ ಕರಿಹೊಳೆ ಅಡ್ಡ ಬಂದಿತು. ದಡದಲ್ಲಿ ಒಂದು ದೋಣಿ, ದೋಣಿಯಲ್ಲಿ ಒಬ್ಬ ಅಂಬಿಗ, ಅಂಬಿಗನ ಕೊರಳಲ್ಲಿ ಅರಮನೆಯ ಬಿಲ್ಲೆ.

'ಮೊಹರು ಎಲ್ಲಿ?' ಎಂದ ಅವನು.

'ನನ್ನ ಹತ್ತಿರ ಇಲ್ಲ.'

'ಮೊಹರಿಲ್ಲದವರು ದೋಣಿ ಹತ್ತೋ ಹಾಗಿಲ್ಲ.'

'ಮೊಹರು ಬೇಕಿರೋದು ನಿಮ್ಮ ದೋಣಿಗೋ, ಹೊಳೆಗೋ?'

ಅಂಬಿಗ ಯೋಚಿಸಿದ. ಹನಿ ಕುಡಿದವನಾದ್ದರಿಂದ ಸರಿಯಾಗಿಯೇ ಹೇಳಬೇಕಾಯಿತು. 'ದೋಣಿಗೆ. ಹೊಳೆ ಬಗ್ಗೆ ಏನೂ ಬರೆದಿಲ್ಲ. ಆದ್ರೆ ನಿಮ್ಮ ದೋಣಿ ಎಲ್ಲಿದೆ?'

'ಇನ್ನೂ ಇಲ್ಲ' ಎಂದಳು ಕೇತವ್ವ.

ಅವಳು ಬುಟ್ಟಿಯನ್ನು ನೀರಿನ ಅಂಚಿಗಿಟ್ಟು, ಮಾಚನನ್ನು ಒಳಗೆ ಕೂರಿಸಿ, ತಾನೂ ಮುದುಡಿ ಕುಳಿತಳು. ಸೌಟನ್ನು ಹಿಡಿದು ಗಾಳಿಯಲ್ಲಿ ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಎಳೆದಳು. ಮೈಯನ್ನು ಆಚೀಚೆ ತೂಗಿದಳು. ಝುಳು ಝುಳು ಎಂದಳು. ಹುಬ್ಬು ಏರಿಸಿದಳು. ಮಾಚ ಸ್ವಲ್ಪ ಹೊತ್ತು ಸೌಟನ್ನು ನೋಡಿದ, ನಂತರ ಅಕ್ಕನ ಮುಖವನ್ನು ನೋಡಿದ. ತಾನೂ ತೂಗಿದ.

'ದೋಣಿ' ಎಂದ.

ಬುಟ್ಟಿ ದೋಣಿಯಾಯಿತು. ಸೌಟು ಹುಟ್ಟಾಯಿತು. ಅಂಬಿಗನ ಬಾಯಿ ತೆರೆದೇ ಉಳಿಯಿತು, ಏಕೆಂದರೆ ಹೇಳಲು ಇದ್ದ ಸತ್ಯವೆಂದರೆ ಒಂದು ಬುಟ್ಟಿ ದೋಣಿಯಾಗಿ ಹೋಗುತ್ತಿದೆ ಎಂಬುದು, ಮತ್ತು ಅದನ್ನು ವರದಿ ಮಾಡಲು ಅವನ ಕಡತದಲ್ಲಿ ಅಂಕಣವಿರಲಿಲ್ಲ.

ನಡುಹೊಳೆಯಲ್ಲಿ ಮಾಚ ಎದ್ದು ನಿಂತ. 'ಇಳೀಬೇಕು.'

'ನೀನು ಇಳಿದ್ರೆ ದೋಣಿ ಯಾರು ನೋಡ್ಕೊಳ್ತಾರೆ?'

'ಅಕ್ಕ.'

'ಅಕ್ಕ ಹುಟ್ಟು ಹಾಕ್ಬೇಕಲ್ಲ.'

'ಮೀನು ನೋಡ್ಕೊಳ್ಳಲಿ.'

'ಮೀನಿಗೆ ಹಸಿವಾಗಿದ್ರೆ?'

ಇದು ಗಂಭೀರ ವಿಷಯವಾಗಿತ್ತು. ಮಾಚ ಕುಳಿತು, ಬರಿಗೈಯಿಂದ ಚಿಟಿಕೆ ಚಿಟಿಕೆ ಅನ್ನ ತೆಗೆದು ನೀರಿಗೆ ಹಾಕತೊಡಗಿದ. ಬೆಳ್ಳಿಯ ಬಣ್ಣದ ಮೀನುಗಳು ಬಂದು ಆ ಅನ್ನವನ್ನು ತಿಂದವು. ಆಗ ಅವನ ಮೂಗು ಸೋರತೊಡಗಿತು. ಕೇತವ್ವ, ದಿನಕ್ಕೆ ಇಪ್ಪತ್ತು ಸಲ ಆಡುವ ಮಾತನ್ನು ಅಭ್ಯಾಸಬಲದಿಂದ ಆಡಿದಳು: 'ಆಟ ಸಾಕು, ಇಲ್ಲಿ ಬಾ, ಮೂಗು ಒರೆಸ್ತೀನಿ.'

ದೋಣಿ ಆ ಕ್ಷಣವೇ ಬುಟ್ಟಿಯಾಯಿತು. ಹೆಣಿಗೆಯ ಸಂದುಗಳಿಂದ ನೀರು ನುಗ್ಗಿತು. ರೊಟ್ಟಿಗಳು ತೇಲಿದವು. ಕೇತವ್ವನಿಗೆ ಕೂಗಬೇಕೆನಿಸಿತು, ಕೂಗಿದರೆ ಮಾಚ ಹೆದರುತ್ತಾನೆ, ಹೆದರಿದವನು ಆಡುವುದಿಲ್ಲ. ಅವಳು ಸೊಂಟದವರೆಗಿನ ನೀರಿನಲ್ಲಿ ಕುಳಿತು ಹುಬ್ಬು ಏರಿಸಿ, ಝುಳು ಝುಳು ಎಂದು, 'ಮಾಚ, ಮೀನಿಗೆ ಇನ್ನೊಂದು ತುತ್ತು ಬೇಡ್ವಾ?' ಎಂದು ಕೇಳಿದಳು.

'ಬೇಕು' ಎಂದ ಮಾಚ. ಬುಟ್ಟಿ ಮತ್ತೆ ದೋಣಿಯಾಯಿತು. ಆಚೆ ದಡ ಮುಟ್ಟುವವರೆಗೆ ಅವನ ಮೂಗು ಸೋರುತ್ತಲೇ ಇತ್ತು. ಅದನ್ನು ಯಾರೂ ಒರೆಸಲಿಲ್ಲ.

ಮೂರನೆಯ ದಿನ ಬೆಟ್ಟದ ಬುಡದಲ್ಲಿ ಉಕ್ಕಿನ ಹುಲಿಯೊಂದು ದಾರಿಗೆ ಅಡ್ಡಲಾಗಿ ಮಲಗಿತ್ತು. ಅದರ ಪಟ್ಟೆಗಳು ಕೆತ್ತಿದ ಅಕ್ಷರಗಳು. ಕಣ್ಣುಗಳು ಕೆಂಡ. ಅದು ಎದ್ದು ನಿಂತಾಗ ಕೀಲುಗಳು ಕಿರ್ರೆಂದವು.

'ಒಂದೇ ಪ್ರಶ್ನೆ' ಎಂದಿತು ಹುಲಿ. 'ನಾನು ಯಾರು? ಸರಿ ಉತ್ತರಕ್ಕೆ ಮನೆಗೆ ವಾಪಸು. ತಪ್ಪು ಉತ್ತರಕ್ಕೆ ಹೊಟ್ಟೆಯೊಳಗೆ.'

'ಮುಂದೆ ಹೋಗೋದಕ್ಕೆ ಯಾವ ಉತ್ತರ?'

'ಅಂಥದ್ದು ಇಲ್ಲ. ಮುಂದೆ ಹೋಗಲಿ ಅಂತ ಪ್ರಶ್ನೆ ಇಡೋದಿಲ್ಲ.'

'ಇಲ್ಲಿವರೆಗೆ ಎಷ್ಟು ಜನ ಉತ್ತರ ಹೇಳಿದಾರೆ?'

'ಹನ್ನೆರಡು. ಎಲ್ಲರೂ ಹುಲಿ ಅಂದ್ರು. ಎಲ್ಲರೂ ಮನೆಗೆ ಹೋದ್ರು. ತುಂಬ ವರ್ಷದಿಂದ ಹಸಿವು' ಎಂದಿತು ಹುಲಿ.

ಕೇತವ್ವ ಬುಟ್ಟಿಯನ್ನು ಕೆಳಗಿಳಿಸಿ ಮಾಚನನ್ನು ಹೊರಗೆ ನಿಲ್ಲಿಸಿದಳು. ಹುಬ್ಬು ಏರಿಸಿದಳು. ಖಾಲಿ ಚಿಪ್ಪನ್ನು ಅವನ ಕೈಗೆ ಕೊಟ್ಟಳು.

'ಮಾಚ, ಇದು ಯಾರು?'

'ಆ ಮಗು ಉತ್ತರಿಸುವಂತಿಲ್ಲ. ಮೂರು ತುಂಬದವರು ಪರೀಕ್ಷೆಗೆ ಅರ್ಹರಲ್ಲ' ಎಂದಿತು ಹುಲಿ.

'ಅರ್ಹನಲ್ಲದವನು ತಪ್ಪು ಹೇಳಿದ್ರೆ ತಿನ್ನೋದಕ್ಕೂ ಆಗಲ್ಲ, ಅಲ್ವಾ?'

ಹುಲಿ ತನ್ನ ಎಡಗಡೆಯ ಪಟ್ಟೆಗಳನ್ನು ಓದಿಕೊಂಡಿತು. 'ಆಗಲ್ಲ' ಎಂದು ಒಪ್ಪಿತು.

ಮಾಚ ಹುಲಿಯ ಸುತ್ತ ಒಂದು ಸುತ್ತು ಬಂದ. ಬಾಲವನ್ನು ಒಮ್ಮೆ ಎಳೆದು ನೋಡಿದ. 'ಬೆಕ್ಕು' ಎಂದ. ಚಿಪ್ಪನ್ನು ಅದರ ಮೂತಿಯ ಕೆಳಗಿಟ್ಟು, 'ಹಾಲು ಕುಡಿ. ಬಿಸಿ ಇದೆ, ಊದು' ಎಂದ. ಕೇತವ್ವ ಮೊಣಕಾಲೂರಿ ಚಿಪ್ಪಿನ ಮೇಲೆ ಫೂ ಎಂದು ಊದಿದಳು.

ಹುಲಿಗೆ ಹಸಿವಾಗಿದೆಯೇ ಎಂದು ಯಾರೂ ಇದುವರೆಗೆ ವಿಚಾರಿಸಿರಲಿಲ್ಲ. ಅದು ಒಮ್ಮೆ ಅತ್ತ ಇತ್ತ ನೋಡಿ, ಮೂತಿಯನ್ನು ತಗ್ಗಿಸಿತು. ಚಿಪ್ಪಿನಲ್ಲಿ ಹಾಲಿತ್ತು, ನೊರೆಯಿತ್ತು. ನೆಕ್ಕುತ್ತ ನೆಕ್ಕುತ್ತ ಅದು ಚಿಕ್ಕದಾಯಿತು, ಮೆತ್ತಗಾಯಿತು, ಬೂದು ಬಣ್ಣದ ಬೆಕ್ಕಾಗಿ ಮೀಸೆ ಒರೆಸಿಕೊಂಡಿತು.

'ಇದಕ್ಕೆ ಏನಂತ ಕರೀತೀಯ?' ಕೇತವ್ವ ಕೇಳಿದಳು.

'ಹುಲಿ' ಎಂದ ಮಾಚ.

ಅವಳು ಮಾಚನನ್ನು ಹಿಂದಕ್ಕೆ ಎಳೆದಳು. ಬೆಕ್ಕು ಬೆಕ್ಕಾಗಿಯೇ ಇದ್ದಿತು, ಕರೆದದ್ದಕ್ಕೆ ಮಿಯಾಂವ್ ಎಂದು ಓಗೊಟ್ಟು, ಬಾಲವೆತ್ತಿ ಅವರ ಹಿಂದೆ ಬೆಟ್ಟ ಹತ್ತಿತು.

ಗುರುವಾರ ನಡುಹಗಲಿಗೆ ಇನ್ನು ಸ್ವಲ್ಪವೇ ಹೊತ್ತು ಇರುವಾಗ ಅವರು ತುದಿ ತಲುಪಿದರು. ಅಲ್ಲಿ ಮರವಿಲ್ಲ, ಹುಲ್ಲಿಲ್ಲ. ನುಣ್ಣನೆಯ ಬಂಡೆಯ ಮೇಲೆ ಕರಿಯ ಗುಂಡುಕಲ್ಲು, ಅದರ ಪಕ್ಕದಲ್ಲಿ ಬೆಳ್ಳಿಯ ಚಮಚ ಹಿಡಿದು ಖಚಿತಾಕ್ಷ.

'ಕಾಗೆ ಎಲ್ಲವನ್ನೂ ಹೇಳಿದೆ' ಎಂದ ಅವನು. 'ನೀವು ಬಂದದ್ದು ಅನುಕೂಲವೇ ಆಯಿತು. ನೆರಳು ಕಲ್ಲಿನ ಬುಡ ಸೇರಿದಾಗ ಇವನಿಗೆ ಮೂರು ತುಂಬುತ್ತದೆ. ಹನಿಯನ್ನು ಇಲ್ಲಿಯೇ ಕುಡಿಸುತ್ತೇನೆ. ಅಲ್ಲಿಯವರೆಗೆ ಕಲ್ಲನ್ನು ಒಡೆಯುವುದಿದ್ದರೆ ಒಡೆ. ಎತ್ತುವುದಿದ್ದರೆ ಎತ್ತು. ಇದಕ್ಕೆ ಈ ಬೆಟ್ಟದಷ್ಟೇ ತೂಕವಿದೆ.'

'ಈಗಲೇ ಕುಡಿಸಬಹುದಲ್ಲ?'

'ಮೂರು ತುಂಬುವ ಮೊದಲು ಕುಡಿಸುವುದು ನಿಯಮಬಾಹಿರ. ನಾನು ನಿಯಮ ಮುರಿಯುವುದಿಲ್ಲ. ಹುಡುಗಿ, ನಾನು ಈ ನಾಡಿನಿಂದ ಸುಳ್ಳನ್ನು ತೆಗೆದುಹಾಕಿದೆ. ನೀನು ಅದನ್ನು ಮರಳಿ ತರಲು ಬಂದಿದ್ದೀಯೆ.'

'ಸುಳ್ಳು ಹೇಳೋರು ಎದುರಿನವರಿಗೆ ಗೊತ್ತಾಗಬಾರದು ಅಂತ ಹೇಳ್ತಾರೆ' ಎಂದಳು ಕೇತವ್ವ. 'ಆಟದಲ್ಲಿ ಇಬ್ಬರಿಗೂ ಗೊತ್ತಿರುತ್ತೆ. ನಿಮ್ಮ ಜೊತೆ ಚಿಕ್ಕಂದಿನಲ್ಲಿ ಯಾರೂ ಆಡಲಿಲ್ವಾ?'

ಖಚಿತಾಕ್ಷ ಚಮಚವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. 'ಇಲ್ಲ' ಎಂದ. 'ನೆರಳು ಸರಿಯುತ್ತಿದೆ.'

ಕೇತವ್ವ ಮೂರು ದಿನ ದಾರಿಯುದ್ದಕ್ಕೂ ಯೋಚಿಸಿಟ್ಟ ಉಪಾಯವೊಂದಿತ್ತು. ಒಡೆಯಲಾಗದ ಕಲ್ಲನ್ನು ರಾಗಿಮುದ್ದೆ ಮಾಡಿದರೆ ಮುರಿದು ತಿಂದು ಮುಗಿಸಬಹುದು. ಅವಳು ದಾರಿಯಲ್ಲಿ ಕಿತ್ತು ತಂದಿದ್ದ ಎಲೆಯೊಂದನ್ನು ಹಾಸಿ, ಕಲ್ಲಿನ ಮುಂದೆ ಕುಳಿತು, ಬೆರಳಿನಿಂದ ಮುರಿದಂತೆ, ಸಾರಿನಲ್ಲಿ ಅದ್ದಿದಂತೆ, ನುಂಗಿದಂತೆ ಮಾಡಿ ತೋರಿಸಿದಳು. ಗುಳುಕ್ ಎಂದಳು. ಹುಬ್ಬು ಏರಿಸಿದಳು. 'ಇದೇನು ಮಾಚ?'

ಮಾಚ ಬೆಕ್ಕಿನ ಕಿವಿ ನೋಡುತ್ತಿದ್ದ. 'ಬೇಡ.'

'ಇಲ್ಲಿ ನೋಡು. ಗುಳುಕ್.'

'ಬೇಡ. ಊಟ ಆಯ್ತು.'

'ಒಂದೇ ತುತ್ತು.'

'ಕಲ್ಲು ತಿನ್ನಲ್ಲ.'

ನೆರಳು ಒಂದು ಗೇಣು ಉಳಿದಿತ್ತು. ಇದುವರೆಗೆ ಎಲ್ಲ ಆಟಗಳನ್ನೂ ಹೂಡಿದವಳು ಅವಳೇ. ಅವಳು ಹೇಳಿದಂತೆ ಅವನು ಆಡಿದ್ದ. ಈಗ ಅವನ ತೋಳು ಹಿಡಿದು ಎಳೆದು ಕೂರಿಸಿದಳು. ಮಾಚ ಅಳತೊಡಗಿದ. ಕೇತವ್ವ ತಾಳ್ಮೆಗೆಟ್ಟು, 'ಇದು ಮುದ್ದೆ, ತಿನ್ನು' ಎಂದುಬಿಟ್ಟಳು.

ಅವಳ ನಾಲಿಗೆ ಕಲ್ಲಾಯಿತು.

ಖಚಿತಾಕ್ಷ ನಗಲಿಲ್ಲ. ಕಲ್ಲಿನಿಂದ ಜಿನುಗಿದ ಒಂದು ಹನಿಯನ್ನು ಚಮಚದಲ್ಲಿ ಹಿಡಿದುಕೊಂಡು ನೆರಳನ್ನು ನೋಡುತ್ತ ನಿಂತ. ನೆರಳು ನಾಲ್ಕು ಬೆರಳು ಉಳಿದಿತ್ತು.

ಕೇತವ್ವನ ಕೈ ಸಡಿಲವಾಯಿತು. ಅವಳಲ್ಲಿ ಈಗ ಪ್ರಶ್ನೆಯಿಲ್ಲ, ಸದ್ದಿಲ್ಲ, ಉಪಾಯವಿಲ್ಲ. ಮಾಚ ಅಳು ನಿಲ್ಲಿಸಿ ಅಕ್ಕನ ಮುಖವನ್ನು ನೋಡಿದ. ಅವಳು ಮಾತಾಡದೆ ಇರುವುದು ಅವನಿಗೆ ಹೊಸದು. ಅವನು ಕಲ್ಲನ್ನು ಮುಟ್ಟಿದ. ಅದು ಒದ್ದೆಯಾಗಿ, ತಣ್ಣಗೆ, ಬರಿಮೈಯಲ್ಲಿ ಕುಳಿತಿತ್ತು.

'ಅಕ್ಕ,' ಎಂದ ಮಾಚ. 'ಕಲ್ಲು ಕೂಸಾ?'

ಯಾರೂ ಉತ್ತರಿಸದ ಆ ಪ್ರಶ್ನೆಯನ್ನು ಅವನು ಇಷ್ಟು ದಿನ ಇಟ್ಟುಕೊಂಡಿದ್ದ. ಕೇತವ್ವ ಈ ಸಲವೂ ಉತ್ತರಿಸಲಾರಳು. ಅವಳು ತನ್ನ ಹುಬ್ಬುಗಳನ್ನು ಮೆಲ್ಲನೆ, ಹಣೆಯ ತುದಿಯವರೆಗೆ, ಏರಿಸಿದಳು.

'ಕೂಸು' ಎಂದ ಮಾಚ. 'ಕೂಸಿಗೆ ಚಳಿ.'

ಅವ್ವ ಬಿಚ್ಚಲು ಬಂದಾಗ ಬಿಡದ ಕುಲಾವಿಯನ್ನು ಅವನು ತಾನೇ ಎಳೆದು ತೆಗೆದ. ಕಲ್ಲಿನ ತಲೆಗೆ ಹಾಕಿದ. ಅದು ಅಳತೆಗೆ ಸರಿಯಾಗಿ ಕೂತಿತು. ನಂತರ ಎರಡೂ ಕೈ ಚಾಚಿ ಕಲ್ಲನ್ನು ಎತ್ತಿಕೊಂಡ. ಕಲ್ಲಿಗೆ ಬೆಟ್ಟದ ತೂಕವಿತ್ತು. ಕೂಸಿಗೆ ಕೂಸಿನ ತೂಕ.

ಮೊದಲ ಬಾರಿಗೆ ಮಾಚ ಹೂಡಿದ್ದ, ಕೇತವ್ವ ನಂಬಬೇಕಾಗಿತ್ತು. ಅವಳು ನಂಬಿದಳು. ಬುಟ್ಟಿಯನ್ನು ಎತ್ತಿ ಹಿಡಿದಳು, ಅದು ತೊಟ್ಟಿಲಾಯಿತು. ಮಾಚ ಒಂದು ಕಡೆ ನಿಂತು ಅಡಿಯಿಂದ ದಾಟಿಸಿದ.

'ಕೂಸು ತಗೋ' ಎಂದ.

ಅವಳು ಒಂದು ಕೈಯಲ್ಲಿ ಎದೆಗವಚಿಕೊಂಡು ಮರಳಿ ದಾಟಿಸಿದಳು. ಕಲ್ಲು ಬೆಚ್ಚಗಾಗಿತ್ತು.

'ನಿಲ್ಲಿಸಿ' ಎಂದ ಖಚಿತಾಕ್ಷ. ಅವನ ದನಿ ಒಡೆದು ಹುಡುಗನ ದನಿಯಂತೆ ಕೇಳಿಸಿತು. ಎರಡನೆಯ ಸಲ ದಾಟಿಸಿದಾಗ ಕಲ್ಲು ಮೆತ್ತಗಾಯಿತು. ಅವನ ತೋಳುಗಳು ಅಂಗಿಯೊಳಗೆ ಮರೆಯಾದವು. 'ಇದು ನಿಯಮದಲ್ಲಿ' ಎಂದು ಅವನು ಆರಂಭಿಸಿದ ವಾಕ್ಯ ಮುಗಿಯಲಿಲ್ಲ. ಈ ಕಲ್ಲು ಹೇಗೋ ನಾನೂ ಹಾಗೆ ಎಂದು ಮಂತ್ರ ಕಟ್ಟಿದವನು ಅವನೇ. ಮೂರನೆಯ ಸಲ ದಾಟಿಸಿ, ನಡುಹಗಲಿಗೆ ಒಂದೇ ಕ್ಷಣ ಇರುವಾಗ, ಮಾಚ ಕೂಸನ್ನು ತೊಟ್ಟಿಲಿಗೆ ಹಾಕಿದ. ಬಂಡೆಯ ಮೇಲೆ ಶುಭ್ರ ವಸ್ತ್ರವೊಂದು ಬಿದ್ದಿತ್ತು. ಬೆಳ್ಳಿಯ ಚಮಚ ಒಣಗಿತ್ತು. ತೊಟ್ಟಿಲಿನಲ್ಲಿ ಕುಲಾವಿ ತೊಟ್ಟ ಗಂಡುಕೂಸೊಂದು ಕಾಲು ಝಾಡಿಸಿ ಅಳುತ್ತಿತ್ತು.

'ಅಳಬೇಡ್ವೋ' ಎಂದು ಮಾಚ ಅದಕ್ಕೆ ಗದರಿದ. 'ಅಣ್ಣ ಇದೀನಿ.'

ಕೇತವ್ವನ ನಾಲಿಗೆ ಸಡಿಲವಾಯಿತು. ಅವಳು ಆಡಿದ ಮೊದಲ ಮಾತು: 'ಆಕಾಶದಲ್ಲಿ ಆನೆ ಹಾರ್ತಾ ಇದೆ.' ನಾಲಿಗೆಗೆ ಏನೂ ಆಗಲಿಲ್ಲ. ಅವಳು ಅದನ್ನು ಇನ್ನೆರಡು ಸಲ ಹೇಳಿದಳು. ಬೆಕ್ಕು ಆಕಾಶದ ಕಡೆ ನೋಡಿತು.

ಹಿಂದಿರುಗುವಾಗ ಕರಿಹೊಳೆಯ ಅಂಬಿಗ ತಾನಾಗಿ ದೋಣಿ ತಂದು ನಿಲ್ಲಿಸಿದ. ಮಾಚ ದೋಣಿಯ ಅಂಚಿನಲ್ಲಿ ನಿಂತು ಕೈ ಚಾಚಿ, 'ಮೊಹರು ಎಲ್ಲಿ?' ಎಂದು ಕೇಳಿದ. ಅಂಬಿಗ ಗಂಭೀರವಾಗಿ ಒಂದು ಒಣ ಎಲೆಯನ್ನು ಕೊಟ್ಟ. ಮಾಚ ಅದನ್ನು ತಲೆಕೆಳಗು ಹಿಡಿದು ಓದಿ, ಸರಿಯಿದೆ ಎಂದು ತಲೆಯಾಡಿಸಿದ.

ಮೇದಾರರ ಕೇರಿಯ ತಿರುವಿನಲ್ಲಿ ಸಿರಿಯವ್ವ ನಿಂತಿದ್ದಳು. ಅವಳು ಮೊದಲು ಮಾಚನನ್ನು ಮುಟ್ಟಿ ನೋಡಿದಳು, ನಂತರ ತೊಟ್ಟಿಲ ಕೂಸನ್ನು ನೋಡಿದಳು, ಕೊನೆಗೆ ಮಗಳ ಗಲ್ಲ ಹಿಡಿದಳು. ಹನ್ನೊಂದು ವರ್ಷದಿಂದ ಬಾಯಲ್ಲಿಯೇ ಉಳಿದಿದ್ದ ಮಾತು ಹೊರಗೆ ಬಂದಿತು.

'ಬಂದ್ಯಾ, ನನ್ನ ಬಂಗಾರ?'

ಕೇತವ್ವನನ್ನು ಯಾರೂ ಎಂದೂ ಹಾಗೆ ಕರೆದಿರಲಿಲ್ಲ. ತಾನು ಬಂಗಾರವಲ್ಲವೆಂದು ಅವಳಿಗೆ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. 'ಹೂಂ' ಎಂದಳು.

ಅರಸ ಭಂಡಿದೇವನಿಗೂ ಹನಿ ಆರಿತು. ಹಲ್ಲು ಹೇಗೆ ಹೋಯಿತೆಂದು ಪರದೇಶದ ದೂತರು ಕೇಳಿದಾಗಲೆಲ್ಲ ಹದಿನೈದು ವರ್ಷ 'ಕತ್ತೆಯಿಂದ ಬಿದ್ದೆ' ಎಂದು ಹೇಳಿ ಹೇಳಿ ಅವನು ಬಳಲಿದ್ದ. ಈಗ 'ಮಹಾಯುದ್ಧದಲ್ಲಿ' ಎಂದ. ಇಡೀ ಸಭೆಗೆ ಗೊತ್ತಿತ್ತು, ಸಭೆಗೆ ಗೊತ್ತಿದೆಯೆಂದು ಅರಸನಿಗೂ ಗೊತ್ತಿತ್ತು. ಮಂತ್ರಿಗಳು ಆ ಯುದ್ಧದ ವಿವರಗಳನ್ನು ಕೇಳಿದರು. ಅರಸ ಹೇಳಿದ. ಎಲ್ಲರೂ ನಕ್ಕರು, ಈ ಸಲ ಅರಸನೂ ನಕ್ಕ. ಸಿಂಹಾಸನಕ್ಕೆ ಒಂದು ಲಗಾಮು ಕಟ್ಟಿಸಿದ, ಮುಂದೆ ಬೇಕಾಗಬಹುದೆಂದು.

ಕೂಸು ಸಿರಿಯವ್ವನ ಮನೆಯಲ್ಲಿ ಬೆಳೆಯಿತು. ಮಾಚನಿಗೆ ಮೂರು ತುಂಬಿತ್ತು. ಅವನು ನಂಬಿದ ಮಾತ್ರಕ್ಕೆ ಕೋಲಿಗೆ ಕಾಲು ಮೂಡುತ್ತಿರಲಿಲ್ಲ. ಎರಡು ದಿನ ಅದಕ್ಕಾಗಿ ಸಿಟ್ಟಾಗಿದ್ದ. ಒಂದು ವರ್ಷದ ನಂತರ ಒಂದು ಬೆಳಿಗ್ಗೆ, ತಪ್ಪು ಹೆಜ್ಜೆ ಹಾಕುತ್ತಿದ್ದ ಆ ಕೂಸಿನ ಮುಂದೆ ಕಸಬರಿಗೆ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತು, ಹುಬ್ಬುಗಳನ್ನು ಹಣೆಯ ತುದಿಗೆ ಏರಿಸಿ, ಕೇಳಿದ: 'ಇದೇನೋ, ಹೇಳು?'

ಖಚಿತಾಕ್ಷ ಕಸಬರಿಗೆಯನ್ನು ನೋಡಿದ. ಅಣ್ಣನ ಹುಬ್ಬುಗಳನ್ನು ನೋಡಿದ. ಎರಡೇ ಹಲ್ಲು ತೋರಿಸಿ ನಕ್ಕ. ನವಿಲು ಗರಿ ಬಿಚ್ಚಿತು.

ಅಂದಿನಿಂದ ತಾಳೆಗಿರಿಯಲ್ಲಿ ಜೋಗುಳಗಳಿಗೆ ಕೊರತೆಯಾಗಲಿಲ್ಲ, ಎಲ್ಲರೂ ನೆಮ್ಮದಿಯಿಂದ ಇದ್ದರು, ಬೆಟ್ಟದ ಬುಡಕ್ಕೆ ಮರಳಿದ 'ಹುಲಿ' ಎಂಬ ಬೆಕ್ಕಿಗೂ ದಿನಕ್ಕೊಂದು ಚಿಪ್ಪು ಹಾಲು ಹೋಗುತ್ತಿತ್ತು. ಊಟದ ಹೊತ್ತಿಗೆ ತಾಯಂದಿರು 'ಆಟ ಸಾಕು' ಎಂದು ಗದರಿದಾಗ ಕುದುರೆಗಳು ಕೋಲುಗಳಾಗಿ ಮೂಲೆ ಸೇರುತ್ತಿದ್ದವು. ಸಿರಿಯವ್ವನ ಮನೆಯಲ್ಲಿ ಮಾತ್ರ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ. ಏಳನೆಯ ಬೆಟ್ಟದ ಮೇಲೆ ಮಾಚ ಹೂಡಿದ ಆಟ ಇನ್ನೂ ಮುಗಿದಿರಲಿಲ್ಲ. ಅದನ್ನು ಮುಗಿಸುವ ಮನಸ್ಸು ಯಾರಿಗೂ ಬರಲಿಲ್ಲ.